ಟೇಕ್ವಾಂಡೊ ಫಲಿತಾಂಶ: ಅಂಕ ಕೊಡುವ ಕೆಲಸ ಸೆನ್ಸರ್‌ಗೇ ಇರಲಿ ಅನ್ನೋಣವೇ?

ಪರ

ಟೇಕ್ವಾಂಡೊ ಅಂದರೆ ಹೆಚ್ಚಾಗಿ ಕಾಲಿನಿಂದ ಒದ್ದು ಅಂಕ ಗಳಿಸುವ, ಕೊರಿಯಾದಲ್ಲಿ ಹುಟ್ಟಿದ ಕಾಳಗದ ಆಟ. 2008ರ ಬೀಜಿಂಗ್ ಒಲಿಂಪಿಕ್ಸ್ ನೆನಪಿಸಿಕೊಳ್ಳಿ. ಮಹಿಳೆಯರ 67 ಕೆ.ಜಿ.ಗೂ ಹೆಚ್ಚಿನ ತೂಕದ ಕ್ವಾರ್ಟರ್‌ಫೈನಲ್. ಚೀನಾದ ಚೆನ್ ಝೋಂಗ್ ಆಗಲೇ ಸಿಡ್ನಿ, ಅಥೆನ್ಸ್ ಎರಡರಲ್ಲೂ ಚಿನ್ನ ಗೆದ್ದವರು. ಮೂರನೆಯದಕ್ಕೆ ತವರಿನಲ್ಲೇ ಆಡುತ್ತಿದ್ದರು. ಕೊನೆಯ ಸೆಕೆಂಡುಗಳಲ್ಲಿ ಎದುರಾಳಿ, ಬ್ರಿಟನ್ನಿನ ಸಾರಾ ಸ್ಟೀವನ್ಸನ್, ಚೆನ್ ಮುಖಕ್ಕೆ ಒದ್ದರು. ಟಿವಿ ಮುಂದೆ ಕೂತವರಿಗೆ ಕಂಡಿತು, ಪಕ್ಕದಲ್ಲೇ ಕೂತ ತೀರ್ಪುಗಾರರಿಗೆ ಕಾಣಲಿಲ್ಲ. ಚೆನ್ ಗೆದ್ದರು ಅಂತ ಘೋಷಣೆಯೂ ಆಯಿತು. ಆಮೇಲೆ ದೂರು ಹೋಯಿತು, ವಿಡಿಯೊ ನೋಡಿದರು, ಫಲಿತಾಂಶ ತಿರುಗಿಬಿತ್ತು. ಸ್ಟೀವನ್ಸನ್ ಕೊನೆಗೆ ಕಂಚು ಗೆದ್ದರು. ಕೈ ಎತ್ತಿಸಿ ಗೆಲ್ಲಿಸಿದ ಮೇಲೆ ಸೋತಿರಿ ಅನ್ನಿಸಿಕೊಂಡ ಚೆನ್‌ಗೂ ಅದು ನ್ಯಾಯವಾಗಿರಲಿಲ್ಲ.

ತಪ್ಪು ತೀರ್ಪುಗಾರರದ್ದು ಅಂತ ಬೈದು ಸುಮ್ಮನಾಗಬಹುದು. ಆದರೆ ಒದೆತ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ. ಒಬ್ಬರಿಗಿಂತ ಹೆಚ್ಚು ಜನ ಅದನ್ನು ನೋಡಿ, ಹೆಚ್ಚುಕಡಿಮೆ ಒಂದೇ ಕ್ಷಣಕ್ಕೆ ಬಟನ್ ಒತ್ತಬೇಕು. ಅಡ್ಡ ನಿಂತ ಆಟಗಾರನ ಬೆನ್ನು ಮರೆ ಮಾಡಿದರೆ ಅಂಕ ಹೋಯಿತು.

2012ರ ಲಂಡನ್ನಿನಲ್ಲಿ ಒದೆತ ತಾಗಿದರೆ ತಾನಾಗೇ ಅಂಕ ಕೊಡುವ ಸೆನ್ಸರ್ ಇರುವ ಚೆಸ್ಟ್ ಗಾರ್ಡ್ (ಎದೆಗವಚ) ಮೊದಲ ಸಲ ಒಲಿಂಪಿಕ್ಸ್‌ಗೆ ಬಂತು. ಅಲ್ಲಿದ್ದದ್ದು 8 ಚಿನ್ನ. ಅವು ಹೋದದ್ದು 8 ಬೇರೆ ಬೇರೆ ದೇಶಗಳಿಗೆ! ಬೀಜಿಂಗ್‌ನಲ್ಲಿ ಕಣಕ್ಕಿಳಿಸಿದ ನಾಲ್ವರಿಂದಲೂ ಚಿನ್ನ ಗೆಲ್ಲಿಸಿದ್ದ ದಕ್ಷಿಣ ಕೊರಿಯಾಕ್ಕೆ ಲಂಡನ್ನಿನಲ್ಲಿ ಸಿಕ್ಕಿದ್ದು ಒಂದೇ. ಟೋಕಿಯೊದಲ್ಲಿ ಅದೂ ಇಲ್ಲ. ಇದಕ್ಕೆಲ್ಲ ಸೆನ್ಸರ್ ಒಂದೇ ಕಾರಣ ಅನ್ನುವುದಿಲ್ಲ, ಆಟ ಜಗತ್ತಿನ ತುಂಬ ಹರಡಿದೆ. ಆದರೆ ಆಟ ಹುಟ್ಟಿದ ದೇಶದವರೇ ಸೋತಾಗ, ಹೆಸರು ಗೊತ್ತಿಲ್ಲದ ಆಟಗಾರ ಗೆದ್ದಾಗ, ಗುಣುಗುಡುವವರು ಕಡಿಮೆಯಾಗಲು ಬೋರ್ಡ್ ಮೇಲೆ ತಾನಾಗೇ ಬೀಳುವ ಅಂಕ ಕಾರಣ ಅಲ್ವಾ?

2016ರ ರಿಯೊದಲ್ಲಿ ಹೆಲ್ಮೆಟ್‌ಗೂ ಸೆನ್ಸರ್ ಬಂತು. 80 ಕೆ.ಜಿ. ಫೈನಲ್‌ನಲ್ಲಿ ಬ್ರಿಟನ್ನಿನ ಲುಟಾಲೊ ಮುಹಮ್ಮದ್ 6-4ರಿಂದ ಮುಂದಿದ್ದರು. ಕೊನೇ ಸೆಕೆಂಡ್. ಐವರಿ ಕೋಸ್ಟ್‌ನ ಶೇಖ್ ಸಲ್ಲಾ ಸಿಸ್ಸೆ ತಿರುಗಿ ತಲೆಗೆ ಒದ್ದರು. 8-6. ಅವರ ದೇಶದ ಮೊಟ್ಟಮೊದಲ ಒಲಿಂಪಿಕ್ ಚಿನ್ನ ಅದು. ಅಂಥ ಒದೆತವನ್ನು ಬರೀ ಕಣ್ಣಿಗೆ ಬಿಡುವ ಧೈರ್ಯ ನನಗಂತೂ ಇಲ್ಲ.

ವಿರೋಧ

ಬೀಜಿಂಗ್ ಉದಾಹರಣೆ ಚೆನ್ನಾಗಿದೆ. ಒಂದೇ ತೊಂದರೆ, ಆ ತಪ್ಪನ್ನು ಸರಿ ಮಾಡಿದ್ದು ವಿಡಿಯೊ, ಸೆನ್ಸರ್ ಅಲ್ಲ. ಲಂಡನ್ನಿನ ಸೆನ್ಸರ್ ಇದ್ದದ್ದು ಎದೆ-ಹೊಟ್ಟೆಯ ಭಾಗಕ್ಕೆ ಮಾತ್ರ. ಸ್ಟೀವನ್ಸನ್ ಒದ್ದದ್ದು ಮುಖಕ್ಕೆ. ಅದೇ ಒದೆತ ಲಂಡನ್ನಿನಲ್ಲಿ ಬಿದ್ದಿದ್ದರೂ ಮೊದಲು ಕಣ್ಣು, ಆಮೇಲೆ ವಿಡಿಯೊ. ಕ್ರಿಕೆಟ್‌ನ ಡಿಆರ್‌ಎಸ್ ಥರ ಕೋಚ್ ಕಾರ್ಡ್ ಎತ್ತಿ ಮರುಪರಿಶೀಲನೆ ಕೇಳುವ ಪದ್ಧತಿಗೆ ನನ್ನ ತಕರಾರಿಲ್ಲ.

ನನ್ನ ತಕರಾರು ಸೆನ್ಸರ್ ಆಟಕ್ಕೆ ಏನು ಮಾಡಿತು ಅನ್ನುವುದರ ಬಗ್ಗೆ. ಅದಕ್ಕೆ ಬೇಕಾಗಿರುವುದು ಎರಡೇ: ಸೆನ್ಸರ್ ಗುರುತಿಸುವ ವಿಶೇಷ ಕಾಲ್ಚೀಲ ಚೆಸ್ಟ್ ಗಾರ್ಡ್‌ಗೆ ತಾಗಬೇಕು, ಆಯಾ ತೂಕದ ವಿಭಾಗಕ್ಕೆ ಗೊತ್ತು ಮಾಡಿದಷ್ಟು ಬಲ ಇರಬೇಕು. ಒದೆತ ನೆಟ್ಟಗಿತ್ತೋ, ಒದ್ದವರು ಸಮತೋಲ ಕಳೆದುಕೊಂಡು ಬೀಳುತ್ತಿದ್ದರೋ, ಅದಕ್ಕೆ ಬೇಡ. ಆಟಗಾರರು ದಡ್ಡರಲ್ಲ, ಬೇಗ ಕಲಿತರು. ಮುಂಗಾಲು ಎತ್ತಿ ಹಿಡಿದು, ಕುಂಟುತ್ತಾ, ಎದುರಾಳಿಯನ್ನು ಕಾಲಿನಿಂದಲೇ ತಡೆಯುತ್ತಾ ನಿಂತರು. ಹತ್ತಿರ ಬಂದರೆ ಅಂಟಿಕೊಂಡು, ಪಾದ ತಿರುಚಿ ಹೇಗೋ ಒಂದು ಕಡೆ ಒತ್ತಿದರು. ಕಾಲಿನ ಕತ್ತಿವರಸೆ ಅಂತ ನೋಡುಗರು ಗೇಲಿ ಮಾಡಿದ್ದು ಇದನ್ನೇ. ಬಿದ್ದರೆ ಬೀಳಲಿ ಅಂತ ಗಾಳಿಯಲ್ಲಿ ತಿರುಗಿ ಒದೆಯುವವರು ಕಡಿಮೆಯಾದರು.

ಇದು ಬರೀ ಹಳಬರ ಗೊಣಗಾಟ ಅನ್ನುವವರು ನಿಯಮ ನೋಡಲಿ. ರಿಯೊ ಆದಮೇಲೆ, ತಿರುಗಿ ಒದ್ದರೆ ಎದೆಗೆ 4, ತಲೆಗೆ 5 ಅಂಕ ಅಂತ ಆಸೆ ತೋರಿಸಬೇಕಾಯಿತು. ಸುಮ್ನೆ ಕಾಲೆತ್ತಿಕೊಂಡು ನಿಂತರೆ ದಂಡ ಅಂತ ಸೇರಿಸಬೇಕಾಯಿತು. ಸೆನ್ಸರ್ ಹುಟ್ಟಿಸಿದ ಚಾಳಿಯನ್ನು ಬಿಡಿಸಲು ಇಷ್ಟೆಲ್ಲ. ತಿರುಗಿ ಒದ್ದರೋ ಇಲ್ಲವೋ ಅಂತ ನೋಡಿ ಆ ಜಾಸ್ತಿ ಅಂಕ ಕೊಡುವವರು ಯಾರು? ಅದೇ ಮೂಲೆಯ ತೀರ್ಪುಗಾರರು. ಪಂಚ್‌ಗೆ ಅಂಕ ಕೊಡುವವರೂ ಅವರೇ.

ಲಂಡನ್ನಿನ ಪುರುಷರ ಹೆವಿವೇಟ್ ಫೈನಲ್ ಬಗ್ಗೆ ಪರ ವಾದದವರು ಮಾತಾಡುವುದೇ ಇಲ್ಲ. ಇಟಲಿಯ ಕಾರ್ಲೊ ಮೊಲ್ಫೆಟ್ಟಾ, ಗಬಾನ್‌ನ ಆಂಥೊನಿ ಒಬಾಮೆ. 9-9 ಸಮ. ಹೆಚ್ಚುವರಿ ಸುತ್ತಿನಲ್ಲೂ ಯಾರಿಗೂ ಅಂಕ ಬರಲಿಲ್ಲ. ಯಾರು ಚೆನ್ನಾಗಿ ಆಡಿದರು ಅಂತ ಕೊನೆಗೆ ತೀರ್ಪುಗಾರರೇ ಹೇಳಿದರು, ಚಿನ್ನ ಇಟಲಿಗೆ ಹೋಯಿತು. ಅಷ್ಟು ದೊಡ್ಡ ಪದಕವನ್ನು ನಂಬಿ ಕೊಡಬಹುದಾದ ಕಣ್ಣುಗಳನ್ನು ಎರಡು ಅಂಕದ ಒದೆತಕ್ಕೆ ನಂಬಬಾರದೇ?

ದುಡ್ಡಿನ ಮಾತೂ ಇದೆ. ಈ ಸಲಕರಣೆ ಎಲ್ಲ ಕ್ಲಬ್‌ಗೂ ಎಟುಕುವಂಥದ್ದಲ್ಲ. ತೀರ್ಪುಗಾರರ ಕಣ್ಣಿಗೆ ಕಾಣುವ ಹಾಗೆ ಒದೆಯಲು ಕಲಿತ ಮಕ್ಕಳು ದೊಡ್ಡ ಕೂಟಕ್ಕೆ ಹೋದಾಗ ಬೇರೆಯೇ ಆಟ ಎದುರಾಗುತ್ತದೆ.

ಸೆನ್ಸರ್ ಕಿತ್ತು ಎಸೆಯಿರಿ ಅನ್ನುತ್ತಿಲ್ಲ. ತಾಗಿತು ಅಂತ ಅದು ಹೇಳಲಿ. ತಾಗಿದ್ದು ಒದೆತವೇ ಹೌದು ಅಂತ ಇಬ್ಬರು ತೀರ್ಪುಗಾರರು ಬಟನ್ ಒತ್ತಿದ ಮೇಲೆ ಬೋರ್ಡ್‌ನಲ್ಲಿ ಅಂಕ ಏರಲಿ.