ಮೊದಲ ಹಾರರ್ ಕಾಮಿಕ್ಸ್ ಯಾವುದು ಅನ್ನೋ ಜಗಳ

ಅಮೆರಿಕದಲ್ಲಿ ಹಳೇ ಕಾಮಿಕ್ಸ್ ಕೂಡಿಡುವವರ ನಡುವೆ ಒಂದು ಜಗಳ ಮುಗಿಯುವುದೇ ಇಲ್ಲ. ಮೊದಲ ಹಾರರ್ ಕಾಮಿಕ್ಸ್ ಯಾವುದು? ಹೆಚ್ಚಿನವರ ಉತ್ತರ ‘ಈರಿ ಕಾಮಿಕ್ಸ್’ ಒಂದನೇ ಸಂಚಿಕೆ. ಏವನ್ ಪ್ರಕಾಶನದ್ದು, ಮೇಲೆ 1947ರ ಜನವರಿ ಅಂತ ಇದೆ. ಮುಖಪುಟದಲ್ಲಿ ಪಾಳುಬಿದ್ದ ಜಾಗ, ಕೈ ಕಟ್ಟಿಹಾಕಿದ ಹೆಂಗಸು, ಚಾಕು ಹಿಡಿದು ಬರುತ್ತಿರುವ ಪಿಶಾಚಿ. ಒಳಗೆ ಇರುವುದೆಲ್ಲ ಹೊಸದಾಗಿ ಬರೆದ ಭಯದ ಕತೆಗಳೇ. ಅದರಲ್ಲೊಂದಕ್ಕೆ ಚಿತ್ರ ಬರೆದದ್ದು ಜೋ ಕ್ಯೂಬರ್ಟ್, ಆಗ ಅವರಿಗೆ ಇಪ್ಪತ್ತರ ಆಸುಪಾಸು.

ಇದನ್ನು ಒಪ್ಪದವರೂ ಜಾಸ್ತಿ ಇದ್ದಾರೆ. ಒಂದೇ ಒಂದು ಸಂಚಿಕೆ ಬಂದು ನಿಂತುಹೋದದ್ದನ್ನು ಶುರು ಅಂತ ಹೇಗೆ ಕರೆಯುವುದು, 1948ರ ಶರತ್ಕಾಲದಲ್ಲಿ ಶುರುವಾಗಿ 1967ರವರೆಗೆ ನಡೆದ ‘ಅಡ್ವೆಂಚರ್ಸ್ ಇನ್‌ಟು ದಿ ಅನ್‌ನೋನ್’ ಅಲ್ಲವಾ ನಿಜವಾದ ಮೊದಲನೆಯದು ಅನ್ನುತ್ತಾರೆ. ಇನ್ನು ಕೆಲವರು 1943ಕ್ಕೆ ಹೋಗುತ್ತಾರೆ. ಆ ವರ್ಷ ‘ಕ್ಲಾಸಿಕ್ ಕಾಮಿಕ್ಸ್’ ಹದಿಮೂರನೇ ಸಂಚಿಕೆ ಇಡೀ ಜೆಕಿಲ್ ಮತ್ತು ಹೈಡ್ ಕತೆಗೇ, ಒಬ್ಬನೇ ಮನುಷ್ಯ ಇನ್ನೊಬ್ಬ ದುಷ್ಟನಾಗುವ ಆ ಹಳೇ ಕತೆಗೇ, ಮೀಸಲಾಗಿತ್ತು. ಮತ್ತೂ ಹಿಂದಕ್ಕೆ ಹೋಗುವವರು 1940ರ ಡಿಸೆಂಬರಿನ ‘ಪ್ರೈಜ್ ಕಾಮಿಕ್ಸ್’ ಏಳನೇ ಸಂಚಿಕೆ ತೆಗೆದು ಮುಂದಿಡುತ್ತಾರೆ. ಅದರಲ್ಲಿ ಡಿಕ್ ಬ್ರೀಫರ್ ಫ್ರಾಂಕೆನ್‌ಸ್ಟೈನ್ ರಾಕ್ಷಸನನ್ನು ನ್ಯೂಯಾರ್ಕಿಗೆ ಕರೆತಂದರು, ಸಂಚಿಕೆಯಿಂದ ಸಂಚಿಕೆಗೆ ಕತೆ ಮುಂದುವರಿಸಿದರು.

ನಾನು ಒಹಾಯೋದ ಕೊಲಂಬಸ್‌ನಲ್ಲಿ ಇದ್ದೇನೆ. ಇಲ್ಲಿನ ಸಣ್ಣಪುಟ್ಟ ಕಾಮಿಕ್ಸ್ ಸಂತೆಗಳಲ್ಲಿ ಇಂಥವರ ಜೊತೆ ಕೂತು ಮಾತಾಡುವುದು ನನಗೆ ಬಹಳ ಇಷ್ಟ. ಅವರು ವಾದ ಮಾಡುವ ರೀತಿಯೇ ಇಷ್ಟ. ಯಾರೂ ಸುಮ್ನೆ ‘ಅದೇ ಮೊದಲು’ ಅನ್ನುವುದಿಲ್ಲ. ಕಾಗದ ತೋರಿಸು ಅನ್ನುತ್ತಾರೆ. ಮುಖಪುಟದ ತಿಂಗಳನ್ನು ನಂಬಬೇಡ, ಪುಸ್ತಕ ಅಂಗಡಿಯಲ್ಲಿ ಜಾಸ್ತಿ ದಿನ ಇರಲಿ ಅಂತ ಪ್ರಕಾಶಕರು ಒಂದೆರಡು ತಿಂಗಳು ಮುಂದಿನ ತಾರೀಖು ಹಾಕುತ್ತಿದ್ದರು ಅನ್ನುತ್ತಾರೆ. ಅಂದರೆ 1947ರ ಜನವರಿಯ ‘ಈರಿ’ ಮಾರಾಟಕ್ಕೆ ಬಂದದ್ದು 1946ರ ಕೊನೆಯಲ್ಲಿ. ಇದನ್ನು ತಿಳಿಯಲು ಅವರು ಕಾಪಿರೈಟ್ ನೋಂದಣಿಯ ದಾಖಲೆ ಹುಡುಕುತ್ತಾರೆ. ಅಂಗಡಿಯವನು ಕಟ್ಟು ಬಿಚ್ಚಿದ ದಿನ ಮುಖಪುಟದ ಮೇಲೆ ಪೆನ್ಸಿಲ್‌ನಲ್ಲಿ ಗೀಚಿದ ತಾರೀಖನ್ನೂ ನೋಡುತ್ತಾರೆ. ಹತ್ತು ಸೆಂಟಿನ ಪುಸ್ತಕದ ಮೇಲೆ ಯಾವನೋ ಗೀಚಿದ ಒಂದು ಅಂಕಿ, ಇವತ್ತು ಅದೇ ಸಾಕ್ಷಿ!

ಸಂಚಿಕೆಯ ನಂಬರಿನ ಕತೆ ಇನ್ನೂ ಚೆನ್ನಾಗಿದೆ. ಹಾರರ್ ಅಂದ ಕೂಡಲೇ ಎಲ್ಲರ ಬಾಯಿಗೆ ಬರುವುದು ಇಸಿ ಕಾಮಿಕ್ಸ್ ಪ್ರಕಾಶನ, ಅದರ ಹಾರರ್ ಪುಸ್ತಕಗಳನ್ನು ಬಿಲ್ ಗೇನ್ಸ್ ಮತ್ತು ಅಲ್ ಫೆಲ್ಡ್‌ಸ್ಟೈನ್ ಸೇರಿ ತಂದರು. ಅವರ ಮೂರು ಹಾರರ್ ಪುಸ್ತಕಗಳಲ್ಲಿ ಒಂದೂ ಒಂದನೇ ನಂಬರಿನಿಂದ ಶುರುವಾಗಲಿಲ್ಲ. 1950ರಲ್ಲಿ ‘ವಾಲ್ಟ್ ಆಫ್ ಹಾರರ್’ ಹನ್ನೆರಡರಿಂದ ಶುರು, ‘ಹಾಂಟ್ ಆಫ್ ಫಿಯರ್’ ಹದಿನೈದರಿಂದ, ‘ಕ್ರಿಪ್ಟ್ ಆಫ್ ಟೆರರ್’ ಹದಿನೇಳರಿಂದ. ಕಾರಣ ಅಂಚೆ ಇಲಾಖೆ. ಹೊಸ ಪತ್ರಿಕೆ ಅಂದರೆ ಕಡಿಮೆ ದರದ ಅಂಚೆಗೆ ಮತ್ತೆ ದುಡ್ಡು ಕಟ್ಟಿ ಪರವಾನಗಿ ತಗೋಬೇಕು. ಹಾಗಾಗಿ ಹಳೇ ಕ್ರೈಂ ಪತ್ರಿಕೆಯ, ಕೌಬಾಯ್ ಪತ್ರಿಕೆಯ ಹೆಸರು ಬದಲಿಸಿ ನಂಬರು ಮುಂದುವರಿಸಿದರು. ‘ಹಾಂಟ್ ಆಫ್ ಫಿಯರ್’ ವಿಷಯದಲ್ಲಿ ಅಂಚೆಯವರು ಒಪ್ಪಲಿಲ್ಲ, ಹದಿನೇಳನೆಯದಾದ ಮೇಲೆ ನಾಲ್ಕನೆಯದು ಬಂತು. ಇದು ಗೊತ್ತಿಲ್ಲದೆ ಒಂದನೇ ಸಂಚಿಕೆ ಹುಡುಕುತ್ತಾ ಹೋದವರಿಗೆ ಅದು ಸಿಗುವುದೇ ಇಲ್ಲ, ಯಾಕೆಂದರೆ ಅಂಥದ್ದು ಅಚ್ಚೇ ಆಗಿಲ್ಲ.

ನನ್ನ ಪಕ್ಷ ಯಾವುದು ಅಂತ ಹೇಳಿಬಿಡುತ್ತೇನೆ. ನಾನು ‘ಈರಿ’ ಕಡೆಯವನಲ್ಲ. ಅಮೆರಿಕದ ಕಾಮಿಕ್ಸ್‌ಗೆ ಭಯ ಬಂದದ್ದು ದೆವ್ವದ ಪುಸ್ತಕದಿಂದ ಅಲ್ಲ, ಕೊಲೆಗಡುಕರ ಪುಸ್ತಕದಿಂದ ಅನ್ನುವುದು ನನ್ನ ವಾದ. 1942ರಲ್ಲಿ ‘ಕ್ರೈಂ ಡಸ್ ನಾಟ್ ಪೇ’ ಶುರುವಾಯಿತು. (ಅದೂ ಇಪ್ಪತ್ತೆರಡನೇ ನಂಬರಿನಿಂದ, ಬೇರೊಂದು ಪತ್ರಿಕೆಯ ಮುಂದುವರಿಕೆಯಾಗಿ.) ನಿಜವಾಗಿ ನಡೆದ ಅಪರಾಧಗಳು ಅಂತ ಹೇಳಿಕೊಂಡು ಕೊಲೆ, ರಕ್ತ ಎಲ್ಲವನ್ನೂ ಹತ್ತಿರದಿಂದ ತೋರಿಸಿದರು. ಅದರಲ್ಲಿ ಮಿಸ್ಟರ್ ಕ್ರೈಂ ಅಂತ ಒಬ್ಬನಿದ್ದ. ದೆವ್ವದಂಥ ಮುಖ, ತಲೆಗೆ ಉದ್ದ ಟೋಪಿ. ಅಪರಾಧಿಯ ಪಕ್ಕ ನಿಂತು ಪಿಸುಗುಡುತ್ತಾ, ಓದುವವರ ಕಡೆ ತಿರುಗಿ ಕತೆ ಹೇಳುತ್ತಾನೆ. ಇಸಿಯ ಪುಸ್ತಕಗಳಲ್ಲಿ ಹೀಗೇ ಕತೆ ಹೇಳುವ ಕ್ರಿಪ್ಟ್ ಕೀಪರ್ ಅನ್ನುವ ಪಾತ್ರ ಬರುವುದಕ್ಕೆ ಏಳು ವರ್ಷ ಮೊದಲೇ ಇವನು ಬಂದಿದ್ದ. ಆ ಕ್ರಿಪ್ಟ್ ಕೀಪರ್ ತಾನೇ ಮೊದಲು ಕಾಣಿಸಿದ್ದು ಎಲ್ಲಿ? 1949ರ ಕೊನೆಯ ‘ಕ್ರೈಂ ಪ್ಯಾಟ್ರೋಲ್’ನಲ್ಲಿ, ಅದೂ ಕ್ರೈಂ ಪತ್ರಿಕೆಯೇ. ರೇಡಿಯೋ ನಾಟಕಗಳ ಮುದುಕಿ ಮಾಟಗಾತಿಯಿಂದ ಅವನು ಹುಟ್ಟಿದ ಅಂತ ಹೇಳುವವರ ಮಾತೂ ಸರಿ. 1931ರಲ್ಲೇ ‘ದಿ ವಿಚಸ್ ಟೇಲ್’ ಪ್ರಸಾರವಾಗುತ್ತಿತ್ತು, ಗೇನ್ಸ್ ಮತ್ತು ಫೆಲ್ಡ್‌ಸ್ಟೈನ್ ಅದನ್ನು ಕೇಳಿ ಬೆಳೆದವರು. ಆದರೆ ಅವನು ಕೂತ ಮನೆ ಕ್ರೈಂ ಕಾಮಿಕ್ಸ್‌ನದ್ದು.

ಇನ್ನೊಂದು ಗಮನಿಸಿ. 1954ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಲ್ಲಿ, ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತಿವೆಯಾ ಅಂತ ಸೆನೆಟ್ ಸಮಿತಿ ವಿಚಾರಣೆ ನಡೆಯಿತು. ಸೆನೆಟರ್ ಕೀಫಾವರ್ ಒಂದು ಮುಖಪುಟ ಎತ್ತಿ ಹಿಡಿದು, ಇದು ಸದಭಿರುಚಿಯಾ ಅಂತ ಗೇನ್ಸ್ ಅವರನ್ನು ಕೇಳಿದರು. ಒಂದು ಕೈಯಲ್ಲಿ ಕೊಡಲಿ, ಇನ್ನೊಂದರಲ್ಲಿ ಹೆಂಗಸಿನ ಕತ್ತರಿಸಿದ ತಲೆ. ಹಾರರ್ ಕಾಮಿಕ್ಸ್‌ನ ಮುಖಪುಟಕ್ಕೆ ಹೌದು ಅಂತ ಗೇನ್ಸ್ ಉತ್ತರಿಸಿದರು. ಆ ಉತ್ತರ ಉದ್ಯಮಕ್ಕೆ ಕೆಟ್ಟ ಹೆಸರು ತಂದಿತು, ಅದೇ ವರ್ಷ ಕಾಮಿಕ್ಸ್ ಕೋಡ್, ಅಂದರೆ ಏನು ಅಚ್ಚು ಹಾಕಬಾರದು ಅಂತ ಪ್ರಕಾಶಕರೇ ಮಾಡಿಕೊಂಡ ನಿಯಮಗಳು, ಬಂತು, ಹೆಸರಿನಲ್ಲಿ ಹಾರರ್, ಟೆರರ್ ಅನ್ನುವ ಪದಗಳೂ ಇರಬಾರದು ಅಂತಾಯಿತು. ಆದರೆ ಆ ಪುಸ್ತಕದ ಹೆಸರು ‘ಕ್ರೈಂ ಸಸ್ಪೆನ್‌ಸ್ಟೋರೀಸ್’! ಹಾರರ್‌ಗೆ ಶಿಕ್ಷೆ ತಂದ ಮುಖಪುಟವೂ ಕ್ರೈಂ ಪತ್ರಿಕೆಯದ್ದೇ. ಬರೆದವರಿಗೂ ಓದಿದವರಿಗೂ ಎರಡರ ನಡುವೆ ಗೋಡೆ ಇರಲಿಲ್ಲ. ಆ ಗೋಡೆ ಕಟ್ಟಿದ್ದು ಆಮೇಲಿನ ಬೆಲೆಪಟ್ಟಿಗಳು ಮತ್ತು ಮಾರಾಟಗಾರರು.

ಇಲ್ಲಿನವರ ರೀತಿಯಲ್ಲಿ ನನಗೆ ಒಪ್ಪಿಗೆಯಾಗದ ಭಾಗ ಇದೇ. ಮಾರುಕಟ್ಟೆಗೆ ಒಂದೇ ಒಂದು ‘ಮೊದಲನೆಯದು’ ಬೇಕು. ನಾಲ್ಕು ಕಡೆಯಿಂದ ನಿಧಾನವಾಗಿ ಬಂತು ಅಂದರೆ ಯಾವುದಕ್ಕೆ ಬೆಲೆ ಏರಿಸುವುದು? 2000ದಿಂದ ಸಿಜಿಸಿಯಂಥ ಕಂಪನಿಗಳು ಪುಸ್ತಕಕ್ಕೆ ಹತ್ತರ ಅಳತೆಯಲ್ಲಿ ಗ್ರೇಡ್ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊಡುತ್ತವೆ. ಸ್ಲ್ಯಾಬ್ ಅನ್ನುತ್ತಾರೆ. ತೆರೆದರೆ ಗ್ರೇಡ್ ಹೋಯಿತು. ಹಾಗಾಗಿ ದುಬಾರಿ ದುಡ್ಡು ಕೊಟ್ಟು ‘ಈರಿ’ ಕೊಂಡವರು ಅದರೊಳಗಿನ ಒಂದು ಪುಟವನ್ನೂ ತಿರುವದೆ ಅದರ ಪರವಾಗಿ ವಾದ ಮಾಡುವುದನ್ನು ನೋಡಿದ್ದೇನೆ. ಹುಟ್ಟಿನ ಪ್ರಶ್ನೆಗೆ ಉತ್ತರ ಒಳಗಿನ ಪುಟಗಳಲ್ಲಿದೆ, ಮುಖಪುಟದಲ್ಲಿ ಅಲ್ಲ. ಓದಲು ದುಡ್ಡೂ ಬೇಡ. ಆ ಕಾಲದ ಎಷ್ಟೋ ಪ್ರಕಾಶಕರು ಹಕ್ಕು ನವೀಕರಿಸದೆ ಬಿಟ್ಟಿದ್ದರಿಂದ ಡಿಜಿಟಲ್ ಕಾಮಿಕ್ ಮ್ಯೂಸಿಯಂನಂಥ ವೆಬ್‌ಸೈಟುಗಳಲ್ಲಿ ಸಾವಿರಾರು ಪುಸ್ತಕಗಳು ಉಚಿತವಾಗಿ ಸಿಗುತ್ತವೆ.

ಇನ್ನು ನಮ್ಮ ಕಡೆಯ ರೀತಿ. ಊರಿನ ಗೆಳೆಯರ ಹತ್ತಿರ ಈ ಜಗಳದ ವಿಷಯ ಎತ್ತಿದರೆ ಒಂದೇ ಮಾತು: ‘ಇದೆಲ್ಲ ನಮ್ಮಲ್ಲಿ ಯಾವತ್ತೋ ಇತ್ತು, ಬೇತಾಳನ ಕತೆ ಇಲ್ವಾ?’ ಇದೆ, ನಿಜ. ಸ್ಮಶಾನ, ಹೆಗಲ ಮೇಲೆ ಹೆಣ, ಆ ಹೆಣವೇ ಕತೆ ಹೇಳಿ ಕೊನೆಗೆ ಪ್ರಶ್ನೆ ಕೇಳುವುದು. ಮಿಸ್ಟರ್ ಕ್ರೈಂಗಿಂತ, ಕ್ರಿಪ್ಟ್ ಕೀಪರ್‌ಗಿಂತ ನನಗೆ ಬೇತಾಳನೇ ಹೆಚ್ಚು ಭಯ ಹುಟ್ಟಿಸುತ್ತಾನೆ. ಸೋಮದೇವನ ಕಥಾಸರಿತ್ಸಾಗರ ಹನ್ನೊಂದನೇ ಶತಮಾನದ್ದು. ಚಂದಮಾಮದಲ್ಲಿ ನಮ್ಮ ಮಕ್ಕಳು ಅದನ್ನು ಚಿತ್ರದ ಜೊತೆ ತಿಂಗಳು ತಿಂಗಳು ಓದಿದರು. ಆದರೆ ‘ಯಾವತ್ತೋ ಇತ್ತು’ ಅಂದರೆ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಕನ್ನಡ ಚಂದಮಾಮದಲ್ಲಿ ಬೇತಾಳ ಮೊದಲು ಬಂದ ಸಂಚಿಕೆ ಯಾವುದು, ಆ ಚಿತ್ರ ಬರೆದವರು ಯಾರು, ಆ ಪ್ರತಿ ಯಾರ ಹತ್ತಿರ ಇದೆ? ಇದನ್ನು ಕೇಳುವವರು ಕಡಿಮೆ. ನಾವು ಪುಸ್ತಕ ಹರಿದುಹೋಗುವಷ್ಟು ಓದುತ್ತೇವೆ, ಅದು ಒಳ್ಳೆಯದೇ, ಆಮೇಲೆ ರದ್ದಿಗೆ ಹಾಕುತ್ತೇವೆ.

ಅಮೆರಿಕದವರೂ ಎಲ್ಲ ಉಳಿಸಿಕೊಂಡವರಲ್ಲ. ಯುದ್ಧಕಾಲದಲ್ಲಿ ಹಳೇ ಕಾಗದ ಕೂಡಿಸಿ ಕೊಡಿ ಅಂತ ಸರ್ಕಾರ ಕೇಳಿದಾಗ ರಾಶಿ ರಾಶಿ ಕಾಮಿಕ್ಸ್ ಹೋದವು. 1948ರಲ್ಲಿ ವೆಸ್ಟ್ ವರ್ಜೀನಿಯಾದ ಸ್ಪೆನ್ಸರ್, ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಊರುಗಳಲ್ಲಿ ಮಕ್ಕಳೇ ಕಾಮಿಕ್ಸ್ ಸೇರಿಸಿ ಬೆಂಕಿ ಹಾಕಿದರು. ಆದರೂ ಹಟ ಹಿಡಿದು ಕೂಡಿಟ್ಟವರು ಇದ್ದರು. ನನ್ನ ಊರಿನ ಬಿಲ್ಲಿ ಐರ್ಲೆಂಡ್ ವ್ಯಂಗ್ಯಚಿತ್ರ ಗ್ರಂಥಾಲಯದಲ್ಲಿ ಬಿಲ್ ಬ್ಲ್ಯಾಕ್‌ಬಿಯರ್ಡ್ ಅನ್ನುವವರ ಸಂಗ್ರಹ ಇದೆ. ಮೈಕ್ರೋಫಿಲಂ, ಅಂದರೆ ಪುಟಗಳ ಸಣ್ಣ ಫಿಲಂ ಪ್ರತಿ, ಆಯಿತು ಅಂತ ಲೈಬ್ರರಿಗಳು ಎಸೆಯುತ್ತಿದ್ದ ದಿನಪತ್ರಿಕೆಗಳನ್ನು ಅವರು ವರ್ಷಗಟ್ಟಲೆ ತಂದು ಮನೆ ತುಂಬಿಸಿದರು. 1998ರಲ್ಲಿ ಅದನ್ನು ಇಲ್ಲಿಗೆ ತರಲು ದೊಡ್ಡ ದೊಡ್ಡ ಲಾರಿಗಳೇ ಬೇಕಾದವು.

ನಮಗೂ ಇಂಥದ್ದೇ ಒಂದು ಹುಟ್ಟಿನ ಪ್ರಶ್ನೆ ಇದೆ, ಕನ್ನಡದ್ದೇ. ಅಮರ ಚಿತ್ರ ಕಥೆ ಅಂದರೆ 1967, ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ, ಟಿವಿಯ ರಸಪ್ರಶ್ನೆ ನೋಡಿ ಹೊಳೆದ ಯೋಚನೆ ಅಂತ ಎಲ್ಲರೂ ಹೇಳುತ್ತಾರೆ. ಬೆಂಗಳೂರಿನ ಪುಸ್ತಕ ವ್ಯಾಪಾರದ ಜಿ.ಕೆ. ಅನಂತರಾಮ್ ಹೇಳಿದ್ದು ಬೇರೆ. ಯೋಚನೆ ತಮ್ಮದು, ಮೊದಲ ಪುಸ್ತಕಗಳು ಬಂದದ್ದು 1965ರಲ್ಲಿ, ಅದೂ ಕನ್ನಡದಲ್ಲಿ. ಇಂಗ್ಲಿಷ್ ಸರಣಿ ‘ಕೃಷ್ಣ’ದಿಂದ, ಹನ್ನೊಂದನೇ ನಂಬರಿನಿಂದ ಶುರುವಾಗಲು ಮೊದಲ ಹತ್ತು ಕನ್ನಡದಲ್ಲಿದ್ದದ್ದೇ ಕಾರಣ ಅಂತ ಅವರ ಮಾತು. ಇಸಿಯವರ ಹನ್ನೆರಡು, ಹದಿನೈದು, ಹದಿನೇಳರ ಹಿಂದೆ ಏನಿತ್ತು ಅಂತ ಇಲ್ಲಿ ಯಾವ ಸಂಗ್ರಾಹಕನನ್ನು ಕೇಳಿದರೂ ಪುಸ್ತಕ ತೆಗೆದು ತೋರಿಸುತ್ತಾನೆ. ನಮ್ಮ ಹನ್ನೊಂದರ ಹಿಂದಿನ ಹತ್ತನ್ನು ಹಾಗೆ ಎದುರಿಗಿಟ್ಟು ತೋರಿಸುವವರು ಬೇಕು.

1956ರಲ್ಲಿ ಭಾರತದಲ್ಲೂ ಮಕ್ಕಳನ್ನು ಕೆಡಿಸುವ ಪ್ರಕಟಣೆಗಳ ವಿರುದ್ಧ ಕಾನೂನು ಬಂತು. ಚಿತ್ರಗಳಲ್ಲಿ ಹೇಳಿದ ಕತೆ, ಭಯಾನಕ ಘಟನೆ ಎಲ್ಲವೂ ಅದರಲ್ಲಿ ಬರುತ್ತದೆ. ಬ್ರಿಟನ್‌ನಲ್ಲಿ ಇಂಥದ್ದೇ ಕಾನೂನು ಹಿಂದಿನ ವರ್ಷವಷ್ಟೇ ಬಂದಿತ್ತು. ಅಂದರೆ ಈ ಜಗಳ ನಮ್ಮಿಂದ ತೀರಾ ದೂರದ್ದಲ್ಲ.

ಹಾಗಾಗಿ ಬೆಂಗಳೂರು, ಮೈಸೂರು, ಶಿವಮೊಗ್ಗ, ಹುಬ್ಬಳ್ಳಿ, ಎಲ್ಲೇ ಆಗಲಿ, ನಿಮ್ಮ ಅಟ್ಟದಲ್ಲಿ ಅರವತ್ತರ ದಶಕದ ಕನ್ನಡ ಚಿತ್ರಕತೆ ಪುಸ್ತಕ, ಹಳೇ ಚಂದಮಾಮ ಇದ್ದರೆ ದಯವಿಟ್ಟು ರದ್ದಿಗೆ ಕೊಡಬೇಡಿ, ಎಸೆಯಬೇಡಿ. ಮುಖಪುಟ ಮಾತ್ರ ಅಲ್ಲ, ಮುದ್ರಕರ ಹೆಸರು, ಬೆಲೆ, ತಾರೀಖು ಇರುವ ಪುಟದ ಫೋಟೋವನ್ನೂ ತೆಗೆದು ಅಂತರ್ಜಾಲಕ್ಕೆ ಏರಿಸಿ. ಅಂಗಡಿಯ ಸೀಲು, ಮಾವನ ಹೆಸರು, ಪೆನ್ಸಿಲ್ ಗೀಚು ಏನಿದ್ದರೂ ಅಳಿಸದೆ ಹಾಗೇ ಇಡಿ.