ಸ್ಪಷ್ಟನೆ: ಕಾವೇರಿ ನಲ್ಲಿ ಬಂದ ಮಾತ್ರಕ್ಕೆ ಒಳಚರಂಡಿ ಬರುವುದಿಲ್ಲ

2007ರಲ್ಲಿ ಬೆಂಗಳೂರಿಗೆ ಸೇರಿದ 110 ಹಳ್ಳಿಗಳಲ್ಲಿ ಒಂದು ಮಾತು ಹರಿದಾಡುತ್ತಿದೆ: ಕಾವೇರಿ ನಲ್ಲಿ ಬಂದರೆ ಒಳಚರಂಡಿ ಸಂಪರ್ಕ ತಾನಾಗಿ ಸಿಗುತ್ತದೆ, ಅಲ್ಲಿಯವರೆಗೆ ಶೌಚದ ಪೈಪನ್ನು ಮಳೆನೀರು ಚರಂಡಿಗೆ ಬಿಡಬಹುದು. ಇದು ತಪ್ಪು.

ಎರಡೂ ಜಲಮಂಡಳಿಯ ಹೊಣೆಯೇ ಆದರೂ ಕೊಳವೆಗಳು ಬೇರೆ ಬೇರೆ. ಬೀದಿಯಲ್ಲಿ ಒಳಚರಂಡಿ ಕೊಳವೆಯಿದ್ದರೆ ಮನೆಯವರು ಅರ್ಜಿ ಹಾಕಿ ಮಂಜೂರಾತಿ ಪಡೆಯಬೇಕು. ಕೊಳವೆಯೇ ಇಲ್ಲವಾದರೆ, ಅದನ್ನು ಹಾಕಿಸುವಂತೆ ಕೋರಿ ನೆರೆಹೊರೆಯವರೆಲ್ಲ ಸಹಿ ಮಾಡಿದ ಮನವಿಯನ್ನು ಮಂಡಳಿಯ ಉಪವಿಭಾಗದ ಕಚೇರಿಗೇ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಆ ಮುದ್ರೆಯನ್ನು ಬಿಟ್ಟು ಬರಬೇಡಿ.

ಚರಂಡಿಗೆ ಬಿಟ್ಟ ಕೊಳಚೆ ರಾಜಕಾಲುವೆ ಹಿಡಿದು ಕೆರೆ ಸೇರುತ್ತದೆ. ಬೆಳ್ಳಂದೂರು ಕೆರೆಯ ನೊರೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಂಪರ್ಕ ಸಿಗುವವರೆಗೆ ಶೌಚದ ಗುಂಡಿಯನ್ನು ಯಂತ್ರದಿಂದಲೇ ಖಾಲಿ ಮಾಡಿಸಿ. ಅದಕ್ಕೆ ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯಂತೆ ಅಪರಾಧ.