ಸತ್ಯಾಂಶ: ಕುದುರೆ ಸವಾರಿ ಕಲಿಯಲು ಸ್ಪೋರ್ಟ್ಸ್ ಶೂ ಸಾಕೇ?

ಹಿಡಿತ ಚೆನ್ನಾಗಿರುವ ಸ್ಪೋರ್ಟ್ಸ್ ಶೂ ಇದ್ದರೆ ಸವಾರಿಯ ಮೊದಲ ಪಾಠಕ್ಕೆ ಸಾಕು ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಆಗಾಗ ಬರುತ್ತದೆ. ನೆಲದ ಮೇಲೆ ಓಡುವವರಿಗೆ ಹಿಡಿತ ಒಳ್ಳೆಯದೇ, ಹಾಗಾಗಿ ನಂಬುವುದೂ ಸಹಜ. ಜೀನಿನ ಮೇಲೆ ಮಾತ್ರ ಲೆಕ್ಕ ತಿರುಗುಮುರುಗು. ಬಿದ್ದಾಗ ಪಾದ ರಿಕಾಪಿನಿಂದ (ಜೀನಿನಿಂದ ತೂಗುವ, ಪಾದ ಇಡುವ ಬಳೆ) ತಕ್ಷಣ ಬಿಡಿಸಿಕೊಳ್ಳಬೇಕು. ಅಟ್ಟೆಯ ಆಳವಾದ ಗೀರುಗಳು ಅದನ್ನೇ ತಡೆಯುತ್ತವೆ. ಹೀಲ್ ಇಲ್ಲದಿದ್ದರೆ ಪಾದ ಪೂರ್ತಿ ಒಳಕ್ಕೆ ಜಾರಿ ಸಿಕ್ಕಿಕೊಳ್ಳಬಹುದು, ಬೆದರಿದ ಕುದುರೆ ಸವಾರನನ್ನು ಎಳೆದುಕೊಂಡೇ ಓಡಬಹುದು. ಬೇಕಿರುವುದು ನುಣುಪಾದ ಅಟ್ಟೆ, ಸುಮಾರು 2.5 ಸೆಂ.ಮೀ. ಹೀಲ್, ಪಾದದ ಗಂಟು ಮುಚ್ಚುವ ಬೂಟು. ದುಬಾರಿಯದೇ ಆಗಬೇಕಿಲ್ಲ.

ನೀವೇ ನೋಡಬಹುದು: ಬಿಡಿ ರಿಕಾಪನ್ನು ಕೈಯಲ್ಲಿ ಹಿಡಿದು ಶೂ ತೂರಿಸಿ. ಹೀಲ್ ತಡೆಯದೆ ಆಚೆ ದಾಟಿತೇ? ಹಿಂದಕ್ಕೆ ಎಳೆದಾಗ ಸಿಕ್ಕಿಕೊಂಡಿತೇ? ಎರಡರಲ್ಲಿ ಒಂದಾದರೂ ಆ ಶೂ ಬೇಡ. ರಿಕಾಪು ಬೂಟಿಗಿಂತ ಒಟ್ಟು 2–2.5 ಸೆಂ.ಮೀ. ಅಗಲವಿರಲಿ.